ಯಾರ ಮನೇಲಿ ಯಾರು ಉಂಡ್ರು? (ಹಳಿಯಾಳದಿಂದ ಟ್ಯೂಬಿಂಗನ್‌ವರೆಗೆ, 10 ಭಾಗ)

1/10 · ಟೇಬಲ್ಲು

ಫೋಟೋದಲ್ಲಿ ಕಾಣೋದು ಒಂದು ಮರದ ಟೇಬಲ್ಲು, ಐದು ತಟ್ಟೆ, ನಡುವೆ ಹಬೆ ಆಡ್ತಿರೋ ಒಂದು ಬೋಗುಣಿ. ಇದು ಹೋಟೆಲ್ ಅಲ್ಲ. ದಕ್ಷಿಣ ಜರ್ಮನಿಯ ಟ್ಯೂಬಿಂಗನ್ ಊರಿನ ಹತ್ತಿರ ಒಂದು ಹಳ್ಳಿಯಲ್ಲಿ ನನ್ನ ಗೆಳತಿಯ ಮನೆ. ನಾಲ್ಕು ದಿನ ಅಲ್ಲೇ ಇದ್ದೆ, ಅಲ್ಲೇ ಉಂಡೆ.

ವಾಪಸ್ ಬಂದ ಮೇಲೆ ನೀವೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಏನ್ ತಿಂದಿ?" ಉತ್ತರ ಹೇಳ್ತೀನಿ. ಆದ್ರೆ ತಿಂಡಿ ಪಟ್ಟಿ ಕೊಟ್ಟು ಮುಗಿಸೋಕೆ ಆಗಲ್ಲ. ಯಾಕಂದ್ರೆ ಆ ಟೇಬಲ್ಲಿನ ಮುಂದೆ ಕೂತಾಗ ನನಗಿಂತ 175 ವರ್ಷ ಮೊದಲು ಆ ಸೀಮೆಯವರ ಜೊತೆ ಕೂತು ಉಂಡ ನಮ್ಮ ಕರಾವಳಿಯ ಒಬ್ಬ ಹುಡುಗನ ನೆನಪಾಯ್ತು. ಅವನಿಗೆ ಆ ಊಟ ತುಂಬಾ ದುಬಾರಿ ಬಿತ್ತು. ನನಗೆ ಪುಕ್ಕಟೆ ಸಿಕ್ತು. ಈ ಎರಡರ ನಡುವೆ ಏನೇನಾಯ್ತು ಅನ್ನೋದೇ ಈ ಸರಣಿ.

ಇತಿಹಾಸ ಅಂದ್ರೆ ನಾವು ಶಾಲೇಲಿ ಓದಿದ್ದು ಯಾರು ಯಾರ ಜೊತೆ ಯುದ್ಧ ಮಾಡಿದ್ರು ಅಂತ. ಯಾರು ಯಾರ ಮನೇಲಿ ಉಂಡ್ರು, ಯಾರನ್ನ ಒಳಗೆ ಕರೀಲಿಲ್ಲ ಅಂತ ಕೇಳಿದ್ರೂ ಅದು ಇತಿಹಾಸನೇ. ಉತ್ತರ ಹುಡುಕ್ತಾ ಹೋದ್ರೆ ಮುಂಡಗೋಡ, ಜೋಯಿಡಾ, ದಾಂಡೇಲಿ ಎಲ್ಲಾ ಬರುತ್ತೆ. ಕೊನೆಗೆ ಹಳಿಯಾಳದ ನಮ್ಮ ಮನೆಯ ಕಟ್ಟೆಗೇ ಬಂದು ನಿಲ್ಲುತ್ತೆ. ಪುರುಸೊತ್ತು ಮಾಡಿಕೊಂಡು ಓದಿ.

2/10 · ತಿಥಿ ಇಟ್ಟು ಬರುವ ಅತಿಥಿ

ನಮ್ಮ ಕಡೆ ಯಾರಾದ್ರೂ ಮನೆಗೆ ಬಂದ್ರೆ "ಪಾವಣೇರು ಬಂದಾರ, ಚಾ ಇಡು" ಅಂತಾರೆ. ಹೇಳದೆ ಕೇಳದೆ ಬಂದ್ರೂ ನಡೆಯುತ್ತೆ. 'ಅತಿಥಿ' ಅನ್ನೋ ಪದಕ್ಕೆ ಹಳಬರು ಹೇಳ್ತಾ ಬಂದ ಅರ್ಥನೇ ಅದು: ತಿಥಿ ನೋಡದೆ ಬರುವವನು.

ಜರ್ಮನಿಯಲ್ಲಿ ಇದು ತಲೆಕೆಳಗು. ಗೆಳತಿಯ ಅಮ್ಮ ಎರಡು ವಾರ ಮೊದಲೇ ಮೆಸೇಜ್ ಮಾಡಿದ್ರು: ಯಾವ ದಿನ, ಎಷ್ಟು ಗಂಟೆಗೆ, ಏನು ತಿನ್ನಲ್ಲ. ಸಂಜೆ 6 ಅಂದ್ರೆ 6. ಮುಂಚೆ ಹೋದ್ರೂ ಅವರಿಗೆ ಮುಜುಗರ, ತಡ ಆದ್ರೂ ಮುಜುಗರ. ಬಾಗಿಲಲ್ಲಿ ಚಪ್ಪಲಿ ಬಿಟ್ರೆ ಮನೆಯೊಳಗೆ ಹಾಕೋಕೆ ಬೇರೆ ಚಪ್ಪಲಿ ಕೊಡ್ತಾರೆ. ಕೈಯಲ್ಲಿ ಹೂವೋ ಸಿಹಿಯೋ ಇರಬೇಕು. ನಾನು ಧಾರವಾಡ ಫೇಡೆ ಒಯ್ದಿದ್ದೆ, ಎರಡೇ ದಿನದಲ್ಲಿ ಡಬ್ಬಿ ಖಾಲಿ. ಎಲ್ಲರೂ ಕೂತ ಮೇಲೆ "ಗುಟನ್ ಅಪೆಟೀಟ್" ಅಂತಾರೆ, ಚೆನ್ನಾಗಿ ಊಟ ಸೇರಲಿ ಅಂತ. ಅದಾದ ಮೇಲೇ ಚಮಚ ಎತ್ತೋದು. ಬಡಿಸೋಕೆ ಯಾರೂ ನಿಂತಿರಲ್ಲ. ಅಮ್ಮನೂ ಜೊತೆಗೇ ಕೂತು ಉಣ್ತಾರೆ. "ಇನ್ನೊಂದು ರೊಟ್ಟಿ" ಅಂತ ಒತ್ತಾಯ ಇಲ್ಲ. ಒಂದು ಸಲ ಬೇಡ ಅಂದ್ರೆ ಬೇಡ ಅಂತಲೇ ತಿಳ್ಕೋತಾರೆ. ಮೊದಲ ದಿನ ಮರ್ಯಾದೆಗೆ ಅಂತ "ಸಾಕು" ಅಂದು ಅರ್ಧ ಹೊಟ್ಟೇಲಿ ಮಲಗಿದೆ!

ಒಂದು ಸಣ್ಣ ವಿಷಯ ನೆನಪಲ್ಲಿ ಇಟ್ಕೊಳ್ಳಿ. ನಾನು ಮಾಂಸ ತಿನ್ನಲ್ಲ ಅಂತ ಗೊತ್ತಿದ್ದ ಅಮ್ಮ ನನ್ನ ಬೋಗುಣಿಗೆ ಬೇರೆ ಚಮಚ ಇಟ್ಟಿದ್ರು. "ನಮ್ಮ ಚಮಚ ಇದಕ್ಕೆ ತಾಗಿಲ್ಲ, ಆರಾಮಾಗಿ ಊಟ ಮಾಡು" ಅಂದ್ರು. ಎಷ್ಟು ಕಾಳಜಿ ಅಂತ ಖುಷಿ ಆಯ್ತು. ಆದ್ರೆ ಎದೆಯಲ್ಲಿ ಏನೋ ಒಂದು ಚುಚ್ಚಿತು. ಯಾಕೆ ಅಂತ ಕೊನೇ ಭಾಗದಲ್ಲಿ ಹೇಳ್ತೀನಿ.

3/10 · ಗುಬ್ಬಿ ಮರಿ ಮತ್ತು ಮೊಮೊ

ಆ ಸೀಮೆಗೆ ಶ್ವಾಬಿಯಾ ಅಂತಾರೆ. ಅಲ್ಲಿಯ ದಿನದ ಊಟ 'ಸ್ಪೆಟ್ಸ್‌ಲೆ'. ಗೋಧಿ ಹಿಟ್ಟು, ಮೊಟ್ಟೆ, ಉಪ್ಪು, ನೀರು ಹಾಕಿ ಸಡಿಲವಾಗಿ ಕಲಸಿ, ಒತ್ತುವ ಮಣೆಯಿಂದ ಕುದಿಯೋ ನೀರಿಗೆ ನೇರ ಬಿಡ್ತಾರೆ. ಮೇಲೆ ತೇಲಿದ ತಕ್ಷಣ ತೆಗೀತಾರೆ. ಆ ಪದಕ್ಕೆ ಪುಟ್ಟ ಗುಬ್ಬಿಗಳು ಅನ್ನೋ ಅರ್ಥ ಹೇಳ್ತಾರೆ. ಅಮ್ಮ ಒತ್ತೋದು ನೋಡಿದಾಗ ನಮ್ಮಜ್ಜಿ ಒತ್ತುಶ್ಯಾವಿಗೆ ಮಾಡೋದೇ ಕಣ್ಮುಂದೆ ಬಂತು. ಅದೇ ಮೊಣಕೈ ಬಲ, ಅದೇ "ಸರಿ ಆಚೆ, ಬಿಸಿ ಐತಿ" ಅನ್ನೋ ಗದರಿಕೆ. ಭಾಷೆ ಮಾತ್ರ ಬೇರೆ. ಹಳೇ ಹೆಂಗಸರು ಮಣೆ ಇಲ್ಲದೆ ಮರದ ಹಲಗೆ ಮೇಲೆ ಹಿಟ್ಟು ಹರಡಿ ಚಾಕುವಿನಿಂದ ನೀರಿಗೆ ಕೆರೆದು ಹಾಕ್ತಿದ್ರಂತೆ. ಅದು ಬಂದ್ರೇ ನಿಜವಾದ ಶ್ವಾಬಿಯಾದವರು ಅಂತ ಲೆಕ್ಕ. ನಾನು ಪ್ರಯತ್ನ ಪಟ್ಟೆ. ಗುಬ್ಬಿ ಬರಲಿಲ್ಲ, ಕಾಗೆ ಬಂತು.

ಬೇಯಿಸಿದ ಚನ್ನಂಗಿ ಬೇಳೆ ಮೇಲೆ ಇದನ್ನ ಹಾಕಿ, ಸ್ವಲ್ಪ ವಿನೆಗರ್ ಹುಳಿ ಬಿಟ್ಟು ತಿಂತಾರೆ. ಮಾಂಸ ತಿನ್ನೋರು ಪಕ್ಕಕ್ಕೆ ಸಾಸೇಜ್ ಇಟ್ಕೋತಾರೆ. ಬೇಳೆ, ಹುಳಿ, ಶ್ಯಾವಿಗೆ: ನಮಗೆ ಇದರಲ್ಲಿ ಪರಕೀಯ ಏನೈತಿ ಹೇಳಿ!

ಎರಡನೇ ದಿನ 'ಮೌಲ್‌ಟಾಶನ್'. ಹಿಟ್ಟಿನ ಹಾಳೆಯೊಳಗೆ ಮಾಂಸ, ಪಾಲಕ್, ಈರುಳ್ಳಿ ತುಂಬಿ ಬೇಯಿಸೋದು. ನನಗಂತ ಪಾಲಕ್, ಬ್ರೆಡ್ಡು ತುಂಬಿ ಮಾಡಿದ್ರು. ಇದರ ಬಗ್ಗೆ ಒಂದು ತಮಾಷೆ ಕಥೆ ಇದೆ. ಈಸ್ಟರ್ ಮುಂಚಿನ ಉಪವಾಸದ ದಿನಗಳಲ್ಲಿ ಮಾಂಸ ತಿನ್ನಬಾರದು. ಹಾಗಾಗಿ ಮೌಲ್‌ಬ್ರೋನ್ ಮಠದ ಸನ್ಯಾಸಿಗಳು ದೇವರ ಕಣ್ಣು ತಪ್ಪಿಸೋಕೆ ಮಾಂಸವನ್ನ ಹಿಟ್ಟಿನೊಳಗೆ ಬಚ್ಚಿಟ್ರಂತೆ. ಕಥೆ ಕಥೆನೇ. ಆದ್ರೆ 2009ರಲ್ಲಿ ಯುರೋಪ್ ಒಕ್ಕೂಟ ಈ ತಿನಿಸಿನ ಹೆಸರಿಗೆ ಪ್ರಾದೇಶಿಕ ರಕ್ಷಣೆ ಕೊಟ್ಟಿದ್ದು ನಿಜ. ನಮ್ಮ ಧಾರವಾಡ ಫೇಡೆಗೆ ಜಿಐ ಗುರುತು ಇದ್ದ ಹಾಗೆ.

ನಾನು ಒಂದು ತುತ್ತು ತಿಂದು ಹೇಳಿದೆ: "ಇದು ನಮ್ಮೂರ ಕಡೆನೂ ಸಿಗುತ್ತೆ. ಮುಂಡಗೋಡ ಕ್ಯಾಂಪಲ್ಲಿ. ಮೊಮೊ ಅಂತಾರೆ." ಯಾರೂ ನಂಬಲಿಲ್ಲ. ಫೋನ್ ತೆಗೆದು ಹಳೇ ಟ್ರಿಪ್ಪಿನ ಫೋಟೋ ತೋರಿಸಬೇಕಾಯ್ತು.

4/10 · ಬಟಾಟೆ

ಮೂರನೇ ಫೋಟೋ ಬಟಾಟೆ ಸಲಾಡ್. ಶ್ವಾಬಿಯಾದಲ್ಲಿ ಇದಕ್ಕೆ ಮೇಯೊನೇಸ್ ಹಾಕಿದ್ರೆ ಜಗಳ ಆಗುತ್ತೆ. ಬಿಸಿ ಬಟಾಟೆಗೆ ಬಿಸಿ ಸಾರು, ವಿನೆಗರ್, ಎಣ್ಣೆ, ಈರುಳ್ಳಿ. ಅಷ್ಟೇ.

ಬಟಾಟೆ ಅಮೆರಿಕ ಖಂಡದ ಗಡ್ಡೆ. ಭಾರತಕ್ಕೂ ಪರದೇಶಿ, ಜರ್ಮನಿಗೂ ಪರದೇಶಿ. ನಾವು ಹೇಳೋ 'ಬಟಾಟೆ' ಪೋರ್ಚುಗೀಸರ 'ಬಟಾಟಾ'. ಜೋಯಿಡಾದ ಗುಡ್ಡ ದಾಟಿದ್ರೆ ಗೋವಾ, ಆ ಪದ ನಮ್ಮ ಬಾಯಿಗೆ ಬಂದದ್ದು ಆ ಕಡೆಯಿಂದಲೇ. ಜರ್ಮನ್ನರು 'ಕಾರ್ಟೋಫೆಲ್' ಅಂದ್ರು. ನೆಲದಡಿ ಬೆಳೆಯೋ ಒಂದು ಅಣಬೆಯ ಇಟಾಲಿಯನ್ ಹೆಸರು ಅದಕ್ಕೆ ಮೂಲ. ಶ್ವಾಬಿಯಾದ ಹಳೇ ಮಂದಿ ಇವತ್ತಿಗೂ 'ನೆಲದ ಪೇರ್ ಹಣ್ಣು' ಅನ್ನೋ ಅರ್ಥದ ಪದ ಬಳಸ್ತಾರೆ. ಗುರುತಿಲ್ಲದ ಪಾವಣೇರು ಬಂದ್ರೆ ಗುರುತಿದ್ದವರ ಹೆಸರಿಟ್ಟು ಕರೆಯೋದು ಎಲ್ಲ ಕಡೆ ಇದ್ದದ್ದೇ.

ಮೊದಮೊದಲು ಜರ್ಮನ್ ರೈತರಿಗೆ ಇದು ಬೇಡವಾಗಿತ್ತು. ಪ್ರಶ್ಯಾದ ದೊರೆ ಫ್ರೆಡ್ರಿಕ್ 1756ರಲ್ಲಿ ಬಟಾಟೆ ಬೆಳೆಸಿ ಅಂತ ಆಜ್ಞೆನೇ ಹೊರಡಿಸಬೇಕಾಯ್ತು. ಆಮೇಲೆ ಹಸಿವು ಅದಕ್ಕೆ ಜಾಗ ಮಾಡಿಕೊಟ್ಟಿತು.

ಹಸಿವು ಅಂದೆ. 1815ರ ಏಪ್ರಿಲ್‌ನಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಧೂಳು ಆಕಾಶ ಮುಚ್ಚಿ ಮುಂದಿನ ವರ್ಷ ಯುರೋಪಿಗೆ ಬೇಸಿಗೆನೇ ಬರಲಿಲ್ಲ. 1816-17ರಲ್ಲಿ ಇದೇ ಸೀಮೆ, ಆಗಿನ ವ್ಯುರ್ಟೆಂಬರ್ಗ್ ರಾಜ್ಯ, ಘೋರ ಬರಕ್ಕೆ ಸಿಕ್ಕಿತು. ಸಾವಿರಾರು ಜನ ಊರು ಬಿಟ್ಟು ರಷ್ಯಾ, ಅಮೆರಿಕ ಕಡೆ ಹೋದ್ರು. ಬರ ಮುಗಿದ ಮೇಲೆ 1818ರಲ್ಲಿ ಶುರುವಾದ ಕೃಷಿ ಜಾತ್ರೆ ಸ್ಟುಟ್‌ಗಾರ್ಟ್‌ನ ಕಾನ್‌ಸ್ಟಾಟ್‌ನಲ್ಲಿ ಈಗಲೂ ನಡೆಯುತ್ತೆ.

ಆ ಬರ ಬಂದಾಗ ವ್ಯುರ್ಟೆಂಬರ್ಗಿನಲ್ಲಿ ಐದು ವರ್ಷದ ಒಬ್ಬ ಹುಡುಗ ಇದ್ದ. 1811ರಲ್ಲಿ ಹುಟ್ಟಿದವನು. ಹೆಸರು ಹೆರ್ಮನ್ ಮೋಗ್ಲಿಂಗ್. ಕನ್ನಡದ ಮೊದಲ ಪತ್ರಿಕೆ ಯಾವುದು ಅಂತ ಜಿಕೆ ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದೀರಲ್ಲ, 1843ರ 'ಮಂಗಳೂರು ಸಮಾಚಾರ'? ಅದನ್ನ ತಂದವರು ಇವರೇ.

5/10 · 1844, ಮಂಗಳೂರು

ಇಲ್ಲಿಂದ ಕಥೆ ನಮ್ಮ ನೆಲಕ್ಕೆ ಬರುತ್ತೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಲ್ಲಿ 1815ರಲ್ಲಿ ಬಾಸೆಲ್ ಮಿಷನ್ ಹುಟ್ಟಿತು. ಕಚೇರಿ ಸ್ವಿಟ್ಜರ್ಲೆಂಡಲ್ಲಿ, ಆದ್ರೆ ಕೆಲಸಕ್ಕೆ ಬಂದವರಲ್ಲಿ ಬಹಳ ಮಂದಿ ವ್ಯುರ್ಟೆಂಬರ್ಗಿನ ಜರ್ಮನ್ನರು. 1834ರಲ್ಲಿ ಮಂಗಳೂರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ. ಹಳಿಯಾಳದಿಂದ ಧಾರವಾಡಕ್ಕೆ ನಾವು ಬಸ್ಸಲ್ಲಿ ಕಾಲೇಜಿಗೆ ಹೋಗಿ ಬರೋ ದೂರ ಅಷ್ಟೇ. 1865ರಲ್ಲಿ ಇದೇ ಮಿಷನ್ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿತು. ನಾವು 'ಮಂಗಳೂರು ಹೆಂಚು' ಅನ್ನೋದು ಅಲ್ಲಿಂದ ಬಂದದ್ದು.

ಮಂಗಳೂರಲ್ಲಿ ಆನಂದರಾವ್ ಕೌಂಡಿನ್ಯ ಅನ್ನೋ ಸಾರಸ್ವತ ಬ್ರಾಹ್ಮಣ ಯುವಕ ಇದ್ದ. 1825ರಲ್ಲಿ ಹುಟ್ಟಿದವನು. ಮಿಷನ್ನಿನವರ ಇಂಗ್ಲಿಷ್ ಶಾಲೆಯಲ್ಲಿ ಓದ್ತಾ ಮೋಗ್ಲಿಂಗ್ ಅವರಿಗೆ ಹತ್ತಿರ ಆದ. 1844ರ ಜನವರಿಯಲ್ಲಿ, ಇನ್ನಿಬ್ಬರು ಗೆಳೆಯರ ಜೊತೆ, ದೀಕ್ಷಾಸ್ನಾನ ತಗೊಂಡ. ಗುರುವಿನ ಹೆಸರನ್ನೂ ಸೇರಿಸಿಕೊಂಡು ಹೆರ್ಮನ್ ಆನಂದರಾವ್ ಕೌಂಡಿನ್ಯ ಆದ. ಊರಲ್ಲಿ ದೊಡ್ಡ ಗದ್ದಲ ಆಯ್ತು.

ಇದನ್ನ ಬರೀ ಧರ್ಮ ಬದಲಾದ ಕಥೆ ಅಂತ ಓದಬೇಡಿ. ಆ ಕಾಲದಲ್ಲಿ ಜಾತಿ ಇದ್ದದ್ದು ಗ್ರಂಥದಲ್ಲಿ ಮಾತ್ರ ಅಲ್ಲ, ತಟ್ಟೆಯಲ್ಲಿ, ತಂಬಿಗೆಯಲ್ಲಿ. ಯಾರ ಕೈ ನೀರು ಕುಡಿಯಬಹುದು, ಯಾರ ಪಂಕ್ತಿಯಲ್ಲಿ ಕೂರಬಹುದು ಅನ್ನೋದೇ ನೀನು ಯಾರು ಅನ್ನೋದನ್ನ ತೀರ್ಮಾನ ಮಾಡ್ತಿತ್ತು. ಬಾಸೆಲ್ ಮಿಷನ್ ಜಾತಿ ಉಳಿಸಿಕೊಳ್ಳೋಕೆ ಒಪ್ಪುತ್ತಿರಲಿಲ್ಲ. ಒಳಗೆ ಬಂದವರು ಎಲ್ಲರ ಜೊತೆ ಕೂತು ಉಣ್ಣಬೇಕು. ಒಂದು ಸಲ ಉಂಡ್ರೆ ಮುಗೀತು. ಆ ಮೇಲೆ ಹುಟ್ಟಿದ ಮನೆಯ ಅಡುಗೆಮನೆಗೆ ಕಾಲಿಡೋ ಹಾಗಿಲ್ಲ. ಅಮ್ಮ ಬದುಕಿದ್ದಾಳೆ, ಒಲೆ ಉರೀತಾ ಇದೆ, ಆದ್ರೆ ಆ ತಟ್ಟೆ ನಿಂದಲ್ಲ.

ಇನ್ನೊಂದು ಕಡೆಯಿಂದಲೂ ನೋಡಬೇಕು. ಆ ಮನೆಯವರಿಗೆ ಮಗ ಬದುಕಿದ್ದಾಗಲೇ ಇಲ್ಲವಾದ. ಮಿಷನ್ ಬಂದದ್ದು ಬರೀ ಸ್ನೇಹಕ್ಕಲ್ಲ, ಮತ ಹರಡೋಕೆ. ಅವರ ಬೆನ್ನಿಗೆ ಬ್ರಿಟಿಷ್ ಆಡಳಿತದ ನೆರಳೂ ಇತ್ತು. ಊಟಕ್ಕೆ ಕರೆಯೋರ ಮನಸ್ಸಲ್ಲಿ ಏನಿದೆ ಅನ್ನೋ ಪ್ರಶ್ನೆ ಯಾವಾಗಲೂ ಇರಬೇಕು. ಆತಿಥ್ಯ ಅಂದ ಮಾತ್ರಕ್ಕೆ ಎಲ್ಲವೂ ಹಾಲು ಸಕ್ಕರೆ ಅಲ್ಲ.

6/10 · ಬಾಸೆಲ್, 1846-1851

ಮೋಗ್ಲಿಂಗ್ ಯುರೋಪಿಗೆ ಹೊರಟಾಗ ಕೌಂಡಿನ್ಯರೂ ಜೊತೆಗೆ ಹೋದ್ರು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ, ಇದು ಅದಕ್ಕೂ ಇಪ್ಪತ್ತು ವರ್ಷಕ್ಕಿಂತ ಹಿಂದಿನ ಮಾತು. ಸಮುದ್ರ ದಾಟೋದೇ ದೋಷ ಅಂತ ನಂಬಿದ್ದ ಕಾಲ. 1846ರಿಂದ 1851ರವರೆಗೆ ಬಾಸೆಲ್‌ನಲ್ಲಿ ಓದಿದ್ರು, ಪಾದ್ರಿ ಆಗಿ ವಾಪಸ್ ಬಂದ್ರು. ಬಾಸೆಲ್ ಮಿಷನ್ ಆ ದೀಕ್ಷೆ ಕೊಟ್ಟ ಮೊದಲ ಭಾರತೀಯ ಇವರು.

ಐದು ವರ್ಷ! ನಾನು ನಾಲ್ಕು ದಿನಕ್ಕೆ ಚಟ್ನಿಪುಡಿ ಡಬ್ಬಿ ಒಯ್ದಿದ್ದೆ. ಗೆಳತಿಯ ಮನೇಲಿ ರಾತ್ರಿ ಊಟ ಅಂದ್ರೆ 'ಆಬೆಂಟ್‌ಬ್ರೋಟ್', ಅಂದ್ರೆ ಸಂಜೆಯ ಬ್ರೆಡ್ಡು. ಒಲೆ ಹಚ್ಚಲ್ಲ. ಗಟ್ಟಿ ಕಂದು ಬ್ರೆಡ್ಡು, ಬೆಣ್ಣೆ, ಚೀಸ್, ಉಪ್ಪಿನಕಾಯಿ ಹಾಕಿದ ಸೌತೆ, ಮೂಲಂಗಿ. ಎಲೆಕೋಸನ್ನ ಉಪ್ಪಲ್ಲಿ ಹುಳಿ ಬರಿಸಿ ಇಡ್ತಾರೆ, ನಮ್ಮವರು ಮಾವಿನ ಮಿಡಿಯನ್ನ ಉಪ್ಪಿಗೆ ಹಾಕಿ ಭರಣಿಯಲ್ಲಿ ಇಟ್ಟ ಹಾಗೆ. ಚಳಿಗಾಲದಲ್ಲಿ ಹಸಿರು ಸಿಗದ ದೇಶ, ಕೂಡಿಡೋ ಬುದ್ಧಿ ಅಲ್ಲಿಂದಲೇ ಬಂದದ್ದು. ಎರಡನೇ ರಾತ್ರಿಗೇ ನನಗೆ ಬಿಸಿ ಅನ್ನದ ಕನಸು ಬಿತ್ತು. ಕರಾವಳಿಯ ಗಂಜಿ, ತೆಂಗಿನಕಾಯಿ ತಿಂದು ಬೆಳೆದ ಇಪ್ಪತ್ತರ ಹುಡುಗ ಆ ಚಳಿಯಲ್ಲಿ ಐದು ವರ್ಷ ಬ್ರೆಡ್ಡು ಮುರಿದು ತಿಂದದ್ದನ್ನ ನೆನೆಸ್ಕೊಳ್ಳಿ. ಅವರಿಗೆ ಡಬ್ಬಿ ಕಟ್ಟಿ ಕಳಿಸೋಕೆ ಮನೆಯಲ್ಲಿ ಯಾರಿದ್ರು?

ಊರಿಗೆ ಬಂದ ಮೇಲೆ 1860ರಲ್ಲಿ ಅವರು ಮರೀ ರೈನ್‌ಹಾರ್ಟ್ ಅನ್ನೋ ಜರ್ಮನ್ ಹೆಣ್ಣುಮಗಳನ್ನ ಮದುವೆ ಆದ್ರು. ಈಗ ಟೇಬಲ್ಲಿನ ಈ ಕಡೆ ಪರದೇಶಿ ಆದವರು ಆಕೆ. ಕೊಡಗಿನಲ್ಲಿ ಆನಂದಪುರ ಅಂತ ಒಂದು ಊರು ಕಟ್ಟಿದ್ದು ಮೋಗ್ಲಿಂಗ್ ಮತ್ತು ಕೌಂಡಿನ್ಯ ಸೇರಿ. ಮುಟ್ಟಬಾರದವರು ಅಂತ ಸಮಾಜ ದೂರ ಇಟ್ಟಿದ್ದ ಜನಕ್ಕೆ ಅಲ್ಲಿ ನೆಲೆ ಸಿಕ್ಕಿತು. ತಟ್ಟೆ ಕಳ್ಕೊಂಡ ಹುಡುಗ ತಟ್ಟೆನೇ ಇಲ್ಲದವರ ಜೊತೆ ಹೋಗಿ ಕೂತ.

7/10 · ಈ ಕಡೆ ಬಂದ ಅತಿಥಿ

ಈಗ ಎದುರಿನಿಂದ ಬಂದವರ ಕಥೆ. ಫೆರ್ಡಿನಾಂಡ್ ಕಿಟ್ಟೆಲ್ ಹೆಸರು ಯಾರಿಗೆ ಗೊತ್ತಿಲ್ಲ? ಧಾರವಾಡದಲ್ಲಿ ಅವರ ಹೆಸರಿನ ಕಾಲೇಜುಗಳೇ ಇವೆ. ನಮ್ಮ ಬ್ಯಾಚಿನವರು ಅಲ್ಲೂ ಓದ್ತಿದ್ದಾರೆ. ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರ ತುದಿಯ ಸಮುದ್ರದ ಕಡೆ. 1853ರಲ್ಲಿ ನಮ್ಮ ನಾಡಿಗೆ ಬಂದ್ರು, 21 ವರ್ಷದ ಹುಡುಗ, ನಮ್ಮ ವಯಸ್ಸೇ!

ಬಂದ ಹೊಸದರಲ್ಲಿ ಅವರು ಇಲ್ಲಿಯ ಜನರ ಹಾಗೇ ಬದುಕಬೇಕು ಅಂತ ಪ್ರಯತ್ನ ಪಟ್ರು. ಹಿರಿಯ ಮಿಷನರಿಗಳಿಗೆ ಅದು ಹಿಡಿಸಲಿಲ್ಲ. ಯುರೋಪಿನವರು ಯುರೋಪಿನವರ ಹಾಗೇ ಇರಬೇಕು ಅನ್ನೋದು ಅವರ ಲೆಕ್ಕ. ಅಂದ್ರೆ ಪಂಕ್ತಿಭೇದ ನಮ್ಮ ಕಡೆ ಮಾತ್ರ ಇರಲಿಲ್ಲ. ಬಿಳಿಯರ ಬಂಗಲೆಗೂ ಅದರದೇ ಹೊಸ್ತಿಲು ಇತ್ತು.

ಆದ್ರೆ ಕಿಟ್ಟೆಲ್ ಭಾಷೆಯ ಬಾಗಿಲಿಂದ ಒಳಗೆ ಬಂದ್ರು. ದಶಕಗಳ ಕೆಲಸ. ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣದಲ್ಲಿ ಬಂತು. ಅದರಲ್ಲಿ ಹಳಗನ್ನಡ ಕಾವ್ಯದ ಪದ ಮಾತ್ರ ಇಲ್ಲ, ಜನ ದಿನಾ ಆಡೋ ಮಾತು, ಗಾದೆ ಕೂಡ ಇದೆ. ಅಂಥವನ್ನ ಪುಸ್ತಕ ಒಂದನ್ನೇ ನೋಡಿ ಕಲಿಯೋಕೆ ಆಗಲ್ಲ. ಯಾರೋ ಕೂರಿಸಿಕೊಂಡು ಹೇಳಿಕೊಟ್ಟಿರಬೇಕು. ಯಾರದೋ ಜಗಲಿ, ಯಾರದೋ ತಾಳ್ಮೆ. ನಿಘಂಟಿನ ಮೇಲೆ ಒಬ್ಬರ ಹೆಸರಿದೆ, ಒಳಗೆ ನೂರಾರು ಮನೆ ಇದೆ.

ನಿಘಂಟು ಬಂದ ಮೇಲೆ 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅದೇ ಊರಲ್ಲಿ ತೀರಿಕೊಂಡ್ರು. ನಾನು ಆ ಊರಿನ ನೆಕ್ಕರ್ ನದಿಯ ಸೇತುವೆ ಮೇಲೆ ನಿಂತು ಗೆಳತಿಗೆ ಇದನ್ನೆಲ್ಲ ಹೇಳಿದೆ. ಅವಳು ಅಲ್ಲೇ ಹುಟ್ಟಿ ಬೆಳೆದವಳು, ಅವಳಿಗೆ ಗೊತ್ತೇ ಇರಲಿಲ್ಲ. "ನಮ್ಮೂರಿನವನ ಹೆಸರು ನಿಮ್ಮೂರಲ್ಲಿ ಕಾಲೇಜಿಗೆ ಇದೆಯಾ?" ಅಂತ ಎರಡು ಸಲ ಕೇಳಿದ್ಲು.

8/10 · ಓಮಾ ಮತ್ತು ಮುಂಡಗೋಡ

ಗೆಳತಿಯ ಅಜ್ಜಿಗೆ ಎಲ್ಲರೂ 'ಓಮಾ' ಅಂತಾರೆ. 85ರ ಮೇಲಾಗಿದೆ. ಭಾನುವಾರ ಮಧ್ಯಾಹ್ನ ಕಾಫಿ ಮತ್ತು ಕೇಕ್ ಹೊತ್ತಲ್ಲಿ (ಇದು ಅಲ್ಲಿ ಪೂಜೆ ಇದ್ದಂಗೆ, ತಪ್ಪಿಸೋ ಹಾಗಿಲ್ಲ) ಅವರು ನನ್ನ ತಟ್ಟೆ ನೋಡಿ ಮೊಮ್ಮಗಳಿಗೆ ಏನೋ ಹೇಳಿದ್ರು. ಗೆಳತಿ ಅನುವಾದ ಮಾಡಿದ್ಲು: "ಅವಳಿಗೆ ಇನ್ನೊಂದು ತುಂಡು ಹಾಕು. ಕೇಳಬೇಡ, ಹಾಕು." ಅಷ್ಟೂ ದಿನದಲ್ಲಿ ನನಗೆ ಒತ್ತಾಯ ಮಾಡಿದವರು ಓಮಾ ಒಬ್ಬರೇ!

ಯಾಕೆ ಅಂತ ಆಮೇಲೆ ಗೊತ್ತಾಯ್ತು. ಓಮಾ ಆ ಸೀಮೆಯವರಲ್ಲ. ಈಗಿನ ಚೆಕ್ ದೇಶದ ಬೊಹೆಮಿಯಾದಲ್ಲಿ ಹುಟ್ಟಿದ ಜರ್ಮನ್ ಕುಟುಂಬ. ಹಿಟ್ಲರನ ಜರ್ಮನಿ ನಡೆಸಿದ ಯುದ್ಧ, ಕೊಲೆಗಳ ನಂತರ ಪೂರ್ವ ಯುರೋಪಿನಿಂದ ಸುಮಾರು 1 ಕೋಟಿ 20 ಲಕ್ಷ ಜರ್ಮನ್ನರು ಓಡಿಬಂದ್ರು ಅಥವಾ ಹೊರದಬ್ಬಿಸಿಕೊಂಡ್ರು. ದೊಡ್ಡವರು ಮಾಡಿದ್ದಕ್ಕೆ ಮಕ್ಕಳೂ ಬೆಲೆ ಕೊಟ್ಟರು. 1946ರಲ್ಲಿ ಸಣ್ಣ ಹುಡುಗಿ ಓಮಾ ಅಮ್ಮನ ಜೊತೆ ಸ್ಟುಟ್‌ಗಾರ್ಟ್ ಕಡೆಯ ಒಂದು ಹಳ್ಳಿಗೆ ಬಂದಿಳಿದ್ರು. ಸರ್ಕಾರ ಒಬ್ಬ ರೈತನ ಮನೆಯಲ್ಲಿ ಒಂದು ಕೋಣೆ ಕೊಡಿಸಿತು. ಕೋಣೆ ಸಿಕ್ತು, ಅಡುಗೆಮನೆ ಸಿಗಲಿಲ್ಲ. ಒಂದೇ ಭಾಷೆ, ಒಂದೇ ದೇಶ, ಆದ್ರೂ ಆ ಮನೆಯವರಿಗೆ ಇವರು 'ನಿರಾಶ್ರಿತರು'. ಪಕ್ಕದ ಮನೆಯ ಒಬ್ಬ ಹೆಂಗಸು ಮಾತ್ರ ಒಂದು ದಿನ ಕರೆದು ತನ್ನ ಟೇಬಲ್ಲಿಗೆ ಕೂರಿಸಿ ಸಾರು ಕೊಟ್ಟಳಂತೆ. ಸುಮಾರು ಎಂಬತ್ತು ವರ್ಷ ಆದ್ರೂ ಓಮಾಗೆ ಆ ಬಟ್ಟಲಿನ ಬಣ್ಣ ನೆನಪಿದೆ. ನೀಲಿ.

ನಾನು ಓಮಾಗೆ ಮುಂಡಗೋಡದ ಬಗ್ಗೆ ಹೇಳಿದೆ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಅವರ ಹಿಂದೆ ಸಾವಿರಾರು ಟಿಬೆಟಿಯನ್ನರು ಬಂದದ್ದು. 1966ರಲ್ಲಿ, ನಿಜಲಿಂಗಪ್ಪನವರು ಮುಖ್ಯಮಂತ್ರಿ ಆಗಿದ್ದಾಗ, ಮೈಸೂರು ರಾಜ್ಯ ಮುಂಡಗೋಡ ತಾಲ್ಲೂಕಲ್ಲಿ ಸುಮಾರು 4,000 ಎಕರೆ ಕೊಟ್ಟದ್ದು. ಹಿಮದ ನಾಡಿನವರು ನಮ್ಮ ಮಳೆಕಾಡಲ್ಲಿ ಗುಡಿಸಲು ಹಾಕಿ, ನೆಲ ಹಸನು ಮಾಡಿ ಗೋವಿನಜೋಳ ಬೆಳೆದದ್ದು. ಗಾದೆನ್, ಡ್ರೆಪುಂಗ್ ಮಠಗಳು ಅಲ್ಲಿ ಮತ್ತೆ ಎದ್ದು ನಿಂತದ್ದು. ನಾವು ಹಳಿಯಾಳದ ಮಕ್ಕಳು ಟ್ರಿಪ್ಪಿಗೆ ಹೋದಾಗ ಕ್ಯಾಂಪಿನ ಒಂದು ಮನೆಯ ಅಜ್ಜಿ ಸನ್ನೆಯಲ್ಲೇ ಒಳಗೆ ಕರೆದು ಉಪ್ಪು-ಬೆಣ್ಣೆ ಚಹಾ ಕೊಟ್ಟದ್ದು, ನಾವು ಮುಖ ಕಿವುಚಿದ್ದು, ಅಜ್ಜಿ ನಕ್ಕು ಮತ್ತೆ ಕಪ್ ತುಂಬಿಸಿದ್ದು.

ಓಮಾ ತುಂಬಾ ಹೊತ್ತು ಸುಮ್ಮನಿದ್ದು ಒಂದೇ ಮಾತು ಹೇಳಿದ್ರು: "ನಿರಾಶ್ರಿತರ ಮನೇಲಿ ಯಾವತ್ತೂ ಒಂದು ಕಪ್ ಜಾಸ್ತಿ ಇರುತ್ತೆ."

9/10 · ಉಳವಿ ದಾರಿ

ಇಷ್ಟೆಲ್ಲ ಓದಿ "ನೋಡ್ರಿ, ಬೇರೆಯವರು ಎಷ್ಟು ಒಳ್ಳೆಯವರು" ಅಂತ ಮುಗಿಸಬೇಡಿ. ನಮ್ಮಲ್ಲೂ ಇದೆ, ಅದೂ ಬಹಳ ಹಳೇದು.

12ನೇ ಶತಮಾನದ ಕಲ್ಯಾಣದಲ್ಲಿ ಶರಣರು ಪ್ರಶ್ನೆ ಮಾಡಿದ್ದು ಇದನ್ನೇ: ಯಾರು ಯಾರ ಜೊತೆ ಕೂರಬಹುದು, ಉಣ್ಣಬಹುದು, ಸಂಬಂಧ ಬೆಳೆಸಬಹುದು. ಹರಳಯ್ಯನವರ ಮನೆಗೂ ಮಧುವರಸರ ಮನೆಗೂ ನೆಂಟಸ್ತನ ಆದಾಗ ಕಲ್ಯಾಣ ಹೊತ್ತಿ ಉರಿಯಿತು. ಶರಣರು ದಿಕ್ಕಾಪಾಲಾಗಿ ಹೊರಟ್ರು. ಒಂದು ಗುಂಪು ಚನ್ನಬಸವಣ್ಣನವರ ಜೊತೆ ನಮ್ಮ ಕಾಡಿಗೆ ಬಂತು, ಜೋಯಿಡಾದ ಉಳವಿಗೆ. ಅವರ ಸಮಾಧಿ ಇರೋದು ಅಲ್ಲೇ ಅಂತ ನಮ್ಮ ನಂಬಿಕೆ. ಅಂದ್ರೆ ಟಿಬೆಟಿಯನ್ನರಿಗಿಂತ ಎಂಟುನೂರು ವರ್ಷ ಮೊದಲೇ ನಮ್ಮ ಕಾಡು ನಿರಾಶ್ರಿತರನ್ನ ಕಂಡಿತ್ತು.

ಪ್ರತಿ ವರ್ಷ ಉಳವಿ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಜನ ಬರ್ತಾರಲ್ಲ, ಎತ್ತಿನ ಗೆಜ್ಜೆ ಸದ್ದಿಗೆ ನಾವು ಬೀದಿಗೆ ಓಡ್ತಿದ್ವಲ್ಲ, ಆಗ ದಾರಿ ಮೇಲಿನ ಮನೆಗಳು ಅವರಿಗೆ ನೀರು, ಮಜ್ಜಿಗೆ, ರೊಟ್ಟಿ ಕೊಡ್ತಾವೆ. ಯಾವೂರು ಅಂತ ಕೇಳ್ತಾರೆ, ಅಷ್ಟೇ.

ದಾಂಡೇಲಿ ನೋಡಿ. 1955ರಲ್ಲಿ ಪೇಪರ್ ಮಿಲ್ ಕಂಪನಿ ಹುಟ್ಟಿದ ಮೇಲೆ ಎಲ್ಲೆಲ್ಲಿಂದಲೋ ಜನ ಬಂದು ಕೂಡಿದ ಊರು. ಈಗ ಕಾಳಿ ನದಿ ರಾಫ್ಟಿಂಗ್, ಹೋಮ್‌ಸ್ಟೇ. ಆತಿಥ್ಯ ಅಲ್ಲಿ ದುಡಿಮೆ ಆಗಿದೆ, ಅದರಲ್ಲಿ ತಪ್ಪೇನಿಲ್ಲ, ಎಷ್ಟೋ ಮನೆಗೆ ಅನ್ನ ಅದು. ಜೋಯಿಡಾದ ಕುಣಬಿ ರೈತರು ಗಡ್ಡೆ-ಗೆಣಸಿನ ಮೇಳ ಮಾಡಿ ಮುಡ್ಲಿ ಗಡ್ಡೆಯನ್ನ ಪೇಟೆಯವರಿಗೆ ತೋರಿಸ್ತಾರೆ. ಪೇಟೆಯವರು ಫೋಟೋ ತೆಗೀತಾರೆ, ಕೊಂಡು ಹೋಗ್ತಾರೆ.

ಆದ್ರೆ ದುಡ್ಡು ಕೊಡದೆ, ಜಾತ್ರೆ ಇಲ್ಲದ ದಿನ, ಸುಮ್ಮನೆ ಒಬ್ಬರ ಅಡುಗೆಮನೆಯಲ್ಲಿ ಕೂತು ಉಣ್ಣೋದು? ಅದರ ಲೆಕ್ಕ ಬೇರೆ.

10/10 · ಬೇರೆ ಚಮಚ, ಬೇರೆ ಕಪ್

ಇದನ್ನ ಬರೀಬೇಕಾ ಬೇಡವಾ ಅಂತ ಒಂದು ವಾರ ಯೋಚನೆ ಮಾಡಿದೆ.

ಹೈಸ್ಕೂಲಲ್ಲಿ ನನ್ನ ಪಕ್ಕ ಕೂರ್ತಿದ್ದ ಗೆಳತಿ ಸಿದ್ದಿ ಸಮುದಾಯದವಳು. ನಮ್ಮ ಹಳಿಯಾಳ, ಮುಂಡಗೋಡ, ಜೋಯಿಡಾ, ಯಲ್ಲಾಪುರದ ಕಾಡಂಚಿನ ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದವರು. ಅತಿಥಿಗಳಾಗಿ ಅಲ್ಲ. ಬಹಳ ಮಂದಿಯನ್ನ ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದಿದ್ರು. ತಪ್ಪಿಸಿಕೊಂಡವರು, ಬಿಡುಗಡೆ ಆದವರು ಘಟ್ಟದ ಕಾಡು ಸೇರಿದ್ರು. ಬಟಾಟೆ ಬಂದ ದಾರಿಯಲ್ಲೇ ಮನುಷ್ಯರನ್ನೂ ತಂದ್ರು. ಬಟಾಟೆ ನಮ್ಮೆಲ್ಲರ ಅಡುಗೆಮನೆಗೆ ಬಂತು. ಶತಮಾನಗಳಿಂದ ಇಲ್ಲೇ ಇದ್ದ, ಕನ್ನಡ-ಕೊಂಕಣಿ-ಮರಾಠಿ ಮಾತಾಡೋ ಇವರನ್ನ ಸರ್ಕಾರ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ್ದು 2003ರಲ್ಲಿ.

ಒಂದು ದಿನ ಅವಳು ನೋಟ್ಸ್ ಕೊಡೋಕೆ ನಮ್ಮ ಮನೆಗೆ ಬಂದ್ಲು. ಮನೆಯವರು ಚಹಾ ಕೊಟ್ರು. ಹೊರಗೆ, ಕಟ್ಟೆ ಮೇಲೆ. ಬೇರೆ ಕಪ್‌ನಲ್ಲಿ, ಒಳಗಿನ ಸೆಟ್ಟಿಗೆ ಸೇರದ, ಕಿವಿ ಮುರಿದ ಒಂದು ಕಪ್. ನಾನು ಒಳಗೆ ನಿಂತು ನೋಡಿದೆ. ಅವಳೂ ನೋಡಿದ್ಲು. ಕುಡಿದು, ತಾನೇ ತೊಳೆದಿಟ್ಟು ಹೋದ್ಲು. ನಾನು ಏನೂ ಅನ್ನಲಿಲ್ಲ. ಮರುದಿನ ಶಾಲೇಲಿ ಇಬ್ಬರೂ ಆ ಮಾತು ಎತ್ತಲಿಲ್ಲ.

ಟ್ಯೂಬಿಂಗನ್ ಹತ್ತಿರದ ಆ ಟೇಬಲ್ಲಿನಲ್ಲಿ ನನಗಾಗಿ ಇಟ್ಟ ಬೇರೆ ಚಮಚ ನೋಡಿದಾಗ ಚುಚ್ಚಿದ್ದು ಇದೇ. ಅಲ್ಲಿ ಬೇರೆ ಇಟ್ಟದ್ದು ನನ್ನನ್ನ ಒಳಗೆ ಕೂರಿಸೋಕೆ. ಇಲ್ಲಿ ಬೇರೆ ಇಟ್ಟದ್ದು ಅವಳನ್ನ ಹೊರಗೆ ಇಡೋಕೆ. ಏಳು ಸಾವಿರ ಕಿಲೋಮೀಟರ್ ಹೋಗಿ ಗುರುತಿಲ್ಲದವರ ಅಡುಗೆಮನೆಯಲ್ಲಿ ಕೂತು ಬಂದ ನಾನು ಹದಿನೈದು ಕಿಲೋಮೀಟರ್ ದೂರದ ಅವಳ ಮನೆಯ ಹೊಸ್ತಿಲು ದಾಟಿಲ್ಲ. 1844ರ ಮಂಗಳೂರಿನ ಬಗ್ಗೆ "ಆ ಕಾಲದಲ್ಲಿ" ಅಂತ ಬರೆದೆನಲ್ಲ, ಆ ಕಾಲ ಇನ್ನೂ ನಮ್ಮ ಕಟ್ಟೆ ಮೇಲೆ ಕೂತಿದೆ.

ವಾಪಸ್ ಬಂದ ಮೇಲೆ ಅವಳಿಗೆ ಫೋನ್ ಮಾಡಿದೆ. ಕಪ್ಪಿನ ಮಾತು ಎತ್ತಿ ತಪ್ಪಾಯ್ತು ಅಂದೆ. ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. ಆಮೇಲೆ ಅಂದ್ಲು, "ನನಗ ನೆನಪೈತಿ. ನಿನಗೂ ನೆನಪೈತಿ ಅಂತ ಗೊತ್ತಿರಲಿಲ್ಲ ನೋಡು." ನಾನು ಕೇಳಿದೆ, "ನಿಮ್ಮ ಮನೆಗೆ ಬರ್ಲೇನ?" ಅವಳು, "ಯಾವತ್ತ ಬಂದ್ರೂ ಅನ್ನ ಇರ್ತದ. ಹೇಳಿ ಬರಬ್ಯಾಡ, ಜರ್ಮನಿ ಅಲ್ಲ ಇದು" ಅಂದ್ಲು. ಇಬ್ಬರೂ ನಕ್ವಿ. ಪೂರ್ತಿ ಸರಿ ಆಯ್ತಾ? ಒಂದು ಫೋನ್ ಕಾಲ್‌ಗೆ ಆಗಲ್ಲ.

ಮುಂದಿನ ಭಾನುವಾರ ಹೋಗ್ತೀನಿ. ಅವಳು ಒಪ್ಪಿದ್ದಾಳೆ, ಅದಕ್ಕೇ ಇಷ್ಟು ಬರೆದೆ. ಅಲ್ಲಿಯ ಊಟದ ಫೋಟೋ ಹಾಕಲ್ಲ, ಉಂಡು ಬರ್ತೀನಿ. ಅದಕ್ಕಿಂತ ಮೊದಲು ನಮ್ಮ ಮನೇಲಿ ಒಂದು ಕೆಲಸ ಮುಗಿಸಿದೆ: ಆ ಕಿವಿ ಮುರಿದ ಕಪ್ ಹುಡುಕಿ ಈಗ ನಾನೇ ಅದರಲ್ಲಿ ಚಹಾ ಕುಡೀತೀನಿ. ಅವಳು ಬಂದಾಗ ಒಳಗಿನ ಸೆಟ್ಟಿಂದ ಕೊಡ್ತೀನಿ, ಅಡುಗೆಮನೆಯಲ್ಲಿ ಕೂರಿಸಿ. ಮನೆಯಲ್ಲಿ ಒಂದಿಷ್ಟು ಮಾತಾಯ್ತು. ಇನ್ನೂ ಆಗ್ತದೆ. ಆಗಲಿ.

ಈಗ ನಿಮ್ಮ ಸರದಿ. ನಿಮ್ಮ ಕ್ಲಾಸಲ್ಲಿ, ನಿಮ್ಮ ಓಣಿಯಲ್ಲಿ, ಎಷ್ಟೋ ವರ್ಷದಿಂದ ಗೊತ್ತಿದ್ದೂ ನೀವು ಯಾವತ್ತೂ ಉಣ್ಣದ ಮನೆ ಯಾವುದು? ಹೆಸರು ಇಲ್ಲಿ ಬರೀಬೇಡಿ. ಮನಸ್ಸಲ್ಲಿ ಇಟ್ಕೊಳ್ಳಿ. ಆಮೇಲೆ ಒಂದು ಫೋನ್ ಮಾಡಿ.

#ಹಳಿಯಾಳ #ದಾಂಡೇಲಿ #ಜೋಯಿಡಾ #ಮುಂಡಗೋಡ #ಊಟದಇತಿಹಾಸ #ಕನ್ನಡ